ಮಿಸೆಸ್ ಹಾರ್ಗ್ರೀವ್ಸ್, ಸುಖಾ ಮತ್ತು ಒಂದು ಇಟ್ಟಿಗೆ ಚರ್ಚು

ಇಂಗ್ಲೆಂಡಿನ ಹಳ್ಳಿ ಚರ್ಚು ಅಂದ ಕೂಡಲೇ ಕಣ್ಣಿಗೆ ಬರುವುದು ಬೂದು ಕಲ್ಲು, ಪಾಚಿ, ಮೋಟು ಗೋಪುರ. ಬಿಸ್ಕೆಟ್ ಡಬ್ಬಿಯ ಮುಚ್ಚಳದ ಮೇಲೆ ಇರುವುದೂ ಅದೇ ಚಿತ್ರ. ಲಿಂಡ್‌ಹರ್ಸ್ಟಿನ ಸೇಂಟ್ ಮೈಕಲ್ ಚರ್ಚು ಆ ಥರದ್ದಲ್ಲ. ಅದು ಪೂರಾ ಇಟ್ಟಿಗೆ ಕಟ್ಟಡ. ಕೆಂಪು ಅಂದ್ರೆ ಒಳ್ಳೇ ಸುಟ್ಟ ಕೆಂಪು, ನಡುನಡುವೆ ತಿಳಿ ಬಣ್ಣದ ಇಟ್ಟಿಗೆಯ ಪಟ್ಟೆ. ಊರ ನಡುವಿನ ದಿಬ್ಬದ ಮೇಲೆ ಕೂತಿರುವುದರಿಂದ ಎಲ್ಲಿ ನಿಂತರೂ ಕಾಣುತ್ತದೆ. ನಾಚಿಕೊಂಡು ಮರದ ಮರೆಯಲ್ಲಿ ನಿಲ್ಲುವ ಚರ್ಚು ಇದಲ್ಲ.

ನಾವು ಇರುವುದು ಸೌತಾಂಪ್ಟನ್ನಿನಲ್ಲಿ. ಅಲ್ಲಿಂದ ಬಸ್ಸು ಹತ್ತಿದರೆ ನ್ಯೂ ಫಾರೆಸ್ಟ್ ಕಾಡು ಹೊಕ್ಕು ಲಿಂಡ್‌ಹರ್ಸ್ಟಿಗೆ ಬರುತ್ತದೆ. ಹೆಸರಿನಲ್ಲಿ 'ನ್ಯೂ' ಇದ್ದರೂ 1079ರ ಸುಮಾರಿಗೆ ವಿಲಿಯಂ ರಾಜ ಬೇಟೆಗೆಂದು ಮಾಡಿಕೊಂಡ ಕಾಡು ಇದು. ಊರೊಳಗೆ ಕುದುರೆಗಳು ನಮ್ಮಲ್ಲಿ ದನ ಓಡಾಡಿದ ಹಾಗೆ ಓಡಾಡುತ್ತವೆ. ಅವುಗಳಿಗೆ ಮಾಲೀಕರಿದ್ದಾರೆ, ಆದರೆ ಬೇಲಿ ಇಲ್ಲ. ಬೇಸಿಗೆಯ ಶನಿವಾರ ಬಂದರೆ ಊರಿನ ಒಂದೇ ಮುಖ್ಯ ರಸ್ತೆಯಲ್ಲಿ ಕಾರುಗಳು ನಿಂತಲ್ಲೇ ನಿಂತಿರುತ್ತವೆ. ಬಸ್ಸಿನ ಕಿಟಕಿಯಿಂದ ಚರ್ಚಿನ ಚೂಪು ಗೋಪುರ ನೋಡುತ್ತಾ ಕೂರಲು ಬೇಕಾದಷ್ಟು ಟೈಮ್ ಸಿಗುತ್ತದೆ.

ಈ ಸಲ ಜೊತೆಗೆ ಅಮ್ಮ ಇದ್ದಳು. ದಾವಣಗೆರೆ ಕಡೆಯ ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವಳು. ಅರಮನೆ, ಮ್ಯೂಸಿಯಂ ಅಂದ್ರೆ ಅವಳಿಗೆ ಬೇಜಾರು. "ಎಲ್ಲ ಕಡೆ ಟಿಕೆಟ್ಟು, ಎಲ್ಲ ಕಡೆ ಕ್ಯೂ" ಅನ್ನುತ್ತಾಳೆ. ಹಳ್ಳಿ ಚರ್ಚುಗಳು ಮಾತ್ರ ಇಷ್ಟ. ಬಾಗಿಲು ತೆರೆದಿರುತ್ತದೆ, ಯಾರೂ ಏನೂ ಕೇಳುವುದಿಲ್ಲ, ಕೂರಲು ಬೆಂಚಿರುತ್ತದೆ.

ಚರ್ಚು ನೋಡಿದ ತಕ್ಷಣ ಅವಳು ಅಂದದ್ದು, "ಇದೇನೇ, ದೇವಸ್ಥಾನದ ಗೋಡೆಗೆ ಸುಣ್ಣ-ಕೆಮ್ಮಣ್ಣು ಬಳಿದಂಗೆ ಪಟ್ಟೆ ಪಟ್ಟೆ ಮಾಡಿದಾರೆ?" ಅಲ್ಲಿಯವರೆಗೆ ನನಗೆ ಹಾಗನ್ನಿಸಿರಲಿಲ್ಲ. ಅಂದ ಮೇಲೆ ಬೇರೆ ಥರ ನೋಡಲು ಆಗಲೇ ಇಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ಬಣ್ಣ ಬಳಿದಿಲ್ಲ. ಕೆಂಪು ಪಟ್ಟೆ ಕೆಂಪು ಇಟ್ಟಿಗೆಯದೇ, ಬಿಳಿ ಪಟ್ಟೆ ಬಿಳಿ ಇಟ್ಟಿಗೆಯದೇ. ಮಳೆಗೆ ಹೋಗುವಂಥದ್ದಲ್ಲ.

ಆ ಪಟ್ಟೆಯ ಹಿಂದೆ ಒಂದು ಜಗಳ ಇದೆ. ಬ್ರಿಟನ್ನಿನಲ್ಲಿ 1784ರಿಂದ ಇಟ್ಟಿಗೆಯ ಮೇಲೆ ತೆರಿಗೆ ಇತ್ತು. ಅಮೆರಿಕದ ಯುದ್ಧದಲ್ಲಿ ಆದ ಸಾಲ ತೀರಿಸಲು ಹಾಕಿದ್ದು. 1850ರಲ್ಲಿ ಅದನ್ನು ತೆಗೆದರು. ಅಷ್ಟರಲ್ಲಿ ರೈಲು ಬಂದಿತ್ತು, ಭಾರದ ಸಾಮಾನನ್ನು ದೂರದಿಂದ ತರುವುದು ಕಷ್ಟವಾಗಿರಲಿಲ್ಲ. ಆದರೂ ದೇವರ ಮನೆಗೆ ಇಟ್ಟಿಗೆಯಾ ಅಂತ ಮೂಗು ಮುರಿಯುವವರೇ ಜಾಸ್ತಿ. ಇಟ್ಟಿಗೆ ಅಂದ್ರೆ ಫ್ಯಾಕ್ಟರಿ, ಉಗ್ರಾಣ, ಬಡವರ ಸಾಲುಮನೆ. ಚರ್ಚು ಅಂದ್ರೆ ಕಲ್ಲು. ಆಗ ಬಂದದ್ದು ಜಾನ್ ರಸ್ಕಿನ್ ಎಂಬ ವಿಮರ್ಶಕ. ವೆನಿಸ್ಸಿನ ಬಣ್ಣದ ಗೋಡೆಗಳನ್ನು ನೋಡಿ ಬಂದು, ಬಣ್ಣ ಅನ್ನುವುದು ಕಟ್ಟಡದ ಮೈಯಲ್ಲೇ ಇರಬೇಕು ಅಂತ ವಾದಿಸಿದ. ಬಟರ್‌ಫೀಲ್ಡ್ ಎಂಬ ಆರ್ಕಿಟೆಕ್ಟ್ 1850ರಿಂದಲೇ ಲಂಡನ್ನಿನ ಮಾರ್ಗರೆಟ್ ಸ್ಟ್ರೀಟಿನಲ್ಲಿ ಹಾಗೆ ಒಂದು ಚರ್ಚು ಕಟ್ಟಲು ಶುರು ಮಾಡಿದ್ದ. ಅದಾದ ಮೇಲೆ ಪಟ್ಟೆಗಳ ಹುಚ್ಚು ಹಳ್ಳಿಗಳಿಗೂ ಹಬ್ಬಿತು. ಹಂದಿಮಾಂಸದ ಸೀಳಿನಲ್ಲಿ ಕೊಬ್ಬಿನ ಗೆರೆ ಇರುತ್ತಲ್ಲ, ಅದರ ಹೆಸರಿಟ್ಟು ಆಡಿಕೊಂಡವರೂ ಇದ್ದರು.

ಲಿಂಡ್‌ಹರ್ಸ್ಟಿನ ಚರ್ಚನ್ನು ಕಟ್ಟಿದ ವಿಲಿಯಂ ವೈಟ್ ಇದೇ ಹುಚ್ಚಿನವನು. ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಕೂತು ಹಕ್ಕಿ, ಹುಳ, ಮಳೆ ಬಗ್ಗೆ ಬರೆದ ಗಿಲ್ಬರ್ಟ್ ವೈಟ್ ಇವನ ಮುತ್ತಜ್ಜನ ಕಡೆಯ ಸಂಬಂಧಿ. ಆ ಹಳ್ಳಿ ಇರುವುದೂ ಇದೇ ಹ್ಯಾಂಪ್‌ಶೈರಿನಲ್ಲಿ. ಚರ್ಚಿನ ಕೆಲಸ ಶುರುವಾದದ್ದು 1858ರಲ್ಲಿ. ನಮ್ಮ ದೇಶ ಕಂಪನಿಯ ಕೈಯಿಂದ ವಿಕ್ಟೋರಿಯಾ ರಾಣಿಯ ಕೈಗೆ ಹೋದ ವರ್ಷವೂ ಅದೇ. ಮುಗಿಯುವ ಹೊತ್ತಿಗೆ 1870 ಆಗಿತ್ತು. ಅದೇ ಜಾಗದಲ್ಲಿ ಮುಂಚೆ ಇದ್ದ ಹದಿನೆಂಟನೇ ಶತಮಾನದ ಚರ್ಚನ್ನು ಕೆಡವಿ ಇದನ್ನು ಎಬ್ಬಿಸಿದರು.

ಹೊರಗೆ ನೋಡಿ ಒಳಗೆ ಹೋದರೆ ಸಾಮಾನ್ಯವಾಗಿ ಗಾರೆ ಮಾಡಿದ ಬಿಳಿ ಗೋಡೆ ಇರುತ್ತದೆ. ಇಲ್ಲಿ ಒಳಗೂ ಇಟ್ಟಿಗೆಯೇ. ಕೆಂಪು, ಹಳದಿ, ಬಿಳಿ. ಕಮಾನುಗಳ ಅಂಚಿಗೆಲ್ಲ ಬಣ್ಣ ಬದಲಾಗುತ್ತದೆ. ಕಂಬದ ತಲೆಯ ಹತ್ತಿರ ಕತ್ತೆತ್ತಿ ನಿಂತು ನೋಡಬೇಕು. ಎಲೆಗಳನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆ ಅಂದ್ರೆ ಎಲೆಯ ಹಿಂದೆ ಕತ್ತಲೆ ಕಾಣುತ್ತದೆ. ಎಲ್ಲ ಕಂಬಕ್ಕೂ ಒಂದೇ ಅಚ್ಚು ಹಾಕಿಲ್ಲ. ಒಂದು ಕಡೆ ಎಲೆ ಅಗಲ, ಇನ್ನೊಂದು ಕಡೆ ಸುರುಳಿ. ಕಾಡಿನ ನಡುವಿನ ಚರ್ಚಿನಲ್ಲಿ ಕೆತ್ತುವವನಿಗೆ ಮಾದರಿಗೆ ಬರವಿರಲಿಲ್ಲ, ಕಿಟಕಿ ತೆಗೆದರೆ ಸಾಕಾಗಿತ್ತು. ಮೇಲೆ ಮರದ ಚಾವಣಿ. ಅದರ ತೊಲೆಗಳ ತುದಿಯಲ್ಲಿ ಮನುಷ್ಯರಷ್ಟೇ ಎತ್ತರದ ಮರದ ದೇವದೂತರು ವಾದ್ಯ ಹಿಡಿದು ನಿಂತಿದ್ದಾರೆ. ಭಾನುವಾರ ಕೆಳಗೆ ಕೂತವರ ಗಮನ ಪ್ರವಚನದ ಮೇಲೆ ಎಷ್ಟಿರುತ್ತದೋ ಗೊತ್ತಿಲ್ಲ.

ಪೂಜೆಯ ಮೇಜಿನ ಹಿಂದಿನ ಗೋಡೆಗೆ ಒಂದು ದೊಡ್ಡ ಚಿತ್ರ ಇದೆ. ಬರೆದವನು ಫ್ರೆಡರಿಕ್ ಲೇಟನ್. ಮುಂದೆ ರಾಯಲ್ ಅಕಾಡೆಮಿಯ ಅಧ್ಯಕ್ಷನಾದವನು, ಲಾರ್ಡ್ ಪದವಿ ಪಡೆದ ಮೊದಲ ಚಿತ್ರಕಾರ. 1864ರಲ್ಲಿ ಇಲ್ಲಿ ಬರೆಯುವಾಗ ಅವನಿನ್ನೂ ಮೂವತ್ತರ ಆಸುಪಾಸು. ಇಟಲಿಯಲ್ಲಿ ಮಾಡುವ ಹಾಗೆ ಹಸಿ ಗಾರೆಯ ಮೇಲೆ ಬರೆದರೆ ಇಂಗ್ಲೆಂಡಿನ ಥಂಡಿಗೆ ಉಳಿಯುವುದಿಲ್ಲ. ಲಂಡನ್ನಿನ ಪಾರ್ಲಿಮೆಂಟಿನ ಗೋಡೆಚಿತ್ರಗಳಿಗೆ ಆದ ಗತಿ ಅದೇ. ಹಾಗಾಗಿ ಮೇಣ, ರಾಳ, ಎಣ್ಣೆ ಬೆರೆಸಿದ ಬಣ್ಣ ಬಳಸಿದ. ಇವತ್ತಿಗೂ ಚೆನ್ನಾಗಿದೆ.

ಚಿತ್ರದ ಕತೆ ಬೈಬಲ್ಲಿನದು. ಮದುವೆಯ ರಾತ್ರಿ ವರನನ್ನು ಎದುರುಗೊಳ್ಳಲು ಹತ್ತು ಹುಡುಗಿಯರು ದೀಪ ಹಿಡಿದು ಕಾಯುತ್ತಾರೆ. ಐದು ಜನ ಹೆಚ್ಚಿಗೆ ಎಣ್ಣೆ ತಂದಿದ್ದಾರೆ, ಐದು ಜನ ತಂದಿಲ್ಲ. ವರ ತಡ ಮಾಡುತ್ತಾನೆ. ಎಣ್ಣೆ ಮುಗಿದವರು ಸ್ವಲ್ಪ ಕೊಡಿ ಅಂತ ಕೇಳುತ್ತಾರೆ. ನಮಗೇ ಸಾಲದು, ಅಂಗಡಿಗೆ ಹೋಗಿ ತನ್ನಿ ಅನ್ನುತ್ತಾರೆ ಉಳಿದವರು. ತರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಚಿತ್ರದಲ್ಲಿ ನಡುವೆ ಕ್ರಿಸ್ತ, ಒಂದು ಕಡೆ ದೀಪ ಉರಿಯುತ್ತಿರುವವರು, ಇನ್ನೊಂದು ಕಡೆ ಆರಿಹೋದವರು.

ಅಮ್ಮನಿಗೆ ಕತೆ ಹೇಳಿದೆ. ಕೇಳಿಸಿಕೊಂಡು, "ಎಣ್ಣೆ ಕೊಡದೇ ಇದ್ದೋರು ಜಾಣೆಯರಾ?" ಅಂದಳು. ಅದು ದೃಷ್ಟಾಂತ, ಎಣ್ಣೆ ಅಂದ್ರೆ ನಿಜವಾದ ಎಣ್ಣೆ ಅಲ್ಲ ಅಂತ ಏನೋ ವಿವರಿಸಲು ಹೋದೆ. "ಇರಲಿ ಬಿಡು, ಆ ಕಡೆಯ ಹುಡುಗೀರ ಮುಖಾನೇ ಚೆನ್ನಾಗಿ ಬರೆದಿದಾನೆ" ಅಂದಳು. ಅದು ನಿಜ. ಸೋತವರ ಕಡೆ ಜೀವ ಜಾಸ್ತಿ. ಬೆನ್ನು ಬಾಗಿದೆ, ಬಟ್ಟೆ ಅಸ್ತವ್ಯಸ್ತ. ಗೆದ್ದವರ ಕಡೆ ಎಲ್ಲ ಮೂರ್ತಿಗಳ ಥರ ನೆಟ್ಟಗಿದೆ.

ಚಿತ್ರದ ಮೇಲಿನ ಬಣ್ಣದ ಗಾಜಿನ ಕಿಟಕಿ ಬರ್ನ್-ಜೋನ್ಸ್ ಎಂಬ ಚಿತ್ರಕಾರ ಬರೆದದ್ದು. ತಯಾರಿಸಿದ್ದು ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರ ಕಂಪನಿ. ಕಂಪನಿ ಶುರುವಾದದ್ದು 1861ರಲ್ಲಿ, ಈ ಕಿಟಕಿ ಅದರ ಮೊದಮೊದಲ ಕೆಲಸಗಳಲ್ಲಿ ಒಂದು. ಆಮೇಲೆ ಜಗತ್ತಿನ ಪರದೆ-ಗೋಡೆಕಾಗದಗಳ ಮೇಲೆಲ್ಲ ಮಾರಿಸನ ಬಳ್ಳಿ ಹಬ್ಬಿತು. ಇಲ್ಲಿ ಅದು ಇನ್ನೂ ಸಸಿ. ನನಗೆ ಚಿತ್ರಕ್ಕಿಂತ ಕಿಟಕಿಯೇ ಇಷ್ಟವಾಯಿತು. ಬಿಸಿಲು ಬಂದಾಗ ಅದರ ಕೆಂಪು ಇಟ್ಟಿಗೆಯ ಕೆಂಪಿನ ಮೇಲೆ ಬಿದ್ದು ಎರಡೂ ಬೇರೆ ಬೇರೆ ಅಂತ ಗೊತ್ತಾಗುತ್ತದೆ.

ಹೊರಗೆ ಬಂದರೆ ಸಮಾಧಿಗಳು. ಚರ್ಚಿನ ಸುತ್ತ, ದಿಬ್ಬದ ಇಳಿಜಾರಿನ ತುಂಬ.

ನಮ್ಮವರು ಇಂಗ್ಲೆಂಡಿಗೆ ಬಂದಾಗ ಇದನ್ನು ನೋಡಿ ಮುಖ ಸಿಂಡರಿಸುತ್ತಾರೆ. ದೇವಸ್ಥಾನಕ್ಕೂ ಸ್ಮಶಾನಕ್ಕೂ ಊರಿನ ಎರಡು ತುದಿಯ ದೂರ ಇರಬೇಕು ಅನ್ನುವ ಲೆಕ್ಕ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡವರನ್ನೂ ನೋಡಿದ್ದೇನೆ. ಅಮ್ಮನೂ ಹಾಗೇ ಏನಾದರೂ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಬೆಂಚಿನ ಮೇಲೆ ಕೂತು ಬ್ಯಾಗಿನಿಂದ ಚಪಾತಿ-ಶೇಂಗಾ ಚಟ್ನಿಪುಡಿ ತೆಗೆದಳು. ಇಲ್ಲೇ ತಿನ್ನೋದಾ ಅಂದೆ. "ಯಾಕೆ, ಮಠದಲ್ಲಿ ಗದ್ದುಗೆ ಎದುರಿಗೇ ದಾಸೋಹ ನಡೆಯಲ್ವೇನೇ? ನಿಮ್ಮಜ್ಜನ್ನ ತೋಟದಲ್ಲಿ ಹೂತಿಲ್ವಾ? ಅಲ್ಲೇ ಕೂತು ಎಳ್ಳಮಾಸಿ ಚರಗ ಚೆಲ್ಲಿ ಉಂಡಿಲ್ವಾ ನೀನು?" ಉಂಡಿದ್ದೇನೆ. ಲಿಂಗಾಯತರ ಮನೆಯಲ್ಲಿ ಹುಟ್ಟಿ ಇದು ನನಗೇ ಹೊಳೆದಿರಲಿಲ್ಲ. ನಮ್ಮಲ್ಲೂ ಹೂಳುತ್ತೇವೆ, ಸ್ವಾಮಿಗಳ ಗದ್ದುಗೆಗೆ ಪೂಜೆ ಮಾಡುತ್ತೇವೆ, ಪಕ್ಕದಲ್ಲೇ ಪಂಕ್ತಿ ಹಾಕಿ ಉಣ್ಣುತ್ತೇವೆ. ಪರದೇಶಕ್ಕೆ ಬಂದ ಮೇಲೆ ನಾವೆಲ್ಲ ಯಾಕೋ ಒಂದೇ ಥರದ 'ಭಾರತೀಯ'ರಾಗಿಬಿಡುತ್ತೇವೆ.

ಚಪಾತಿ ತಿಂದು ಕಲ್ಲುಗಳ ನಡುವೆ ಓಡಾಡಿದೆವು. ವಿಕ್ಟೋರಿಯನ್ ಸಮಾಧಿಕಲ್ಲುಗಳನ್ನು ಓದುವುದಕ್ಕೆ ಅಭ್ಯಾಸ ಬೇಕು. ಕಲ್ಲಿನ ಮೇಲೆ ಹಳದಿ, ಬೂದು ಬಣ್ಣದ ಕಲ್ಲುಹೂವು ಬೆಳೆದಿರುತ್ತದೆ. ನೇರ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ, ಓರೆ ಬಿಸಿಲು ಬಿದ್ದಾಗ ಎದ್ದು ಬರುತ್ತವೆ. ಒಂದಷ್ಟು ಓದಿದ ಮೇಲೆ ಒಂದು ಕ್ರಮ ಗೊತ್ತಾಗುತ್ತದೆ. ಗಂಡಸಿನ ಹೆಸರು ಮೊದಲು, ದೊಡ್ಡದಾಗಿ. ಕೆಳಗೆ 'ಮೇಲಿನವರ ಹೆಂಡತಿ' ಇಂಥವಳು. ಅದರ ಕೆಳಗೆ ಮಕ್ಕಳು, ಎಷ್ಟೋ ಕಡೆ ವರ್ಷ ತುಂಬದವರು. ಎಷ್ಟು ಹೆಂಗಸರು ಇಲ್ಲಿ ಮಲಗಿದ್ದರೂ ಅವರ ಬಗ್ಗೆ ಕಲ್ಲು ಹೇಳುವುದು ಯಾರ ಹೆಂಡತಿ ಅಂತ ಮಾತ್ರ. ಹುಟ್ಟಿದ ಮನೆಯ ಹೆಸರು ಅಪರೂಪ.

ಈ ಚರ್ಚಿಗೆ ಜನ ಬರುವುದು ಅಂಥ ಒಬ್ಬಳು ಹೆಂಡತಿಯ ಸಮಾಧಿ ನೋಡಲು. ಹಾರ್ಗ್ರೀವ್ಸ್ ಕುಟುಂಬದ ಸಮಾಧಿ ಅದು. ಹತ್ತಿರ ಹಾಕಿರುವ ಫಲಕದಲ್ಲಿ ಬರೆದಿರುವುದನ್ನು ಕನ್ನಡದಲ್ಲಿ ಹೇಳುವುದಾದರೆ, ಮಿಸೆಸ್ ರೆಜಿನಾಲ್ಡ್ ಹಾರ್ಗ್ರೀವ್ಸ್ ಅವರ ಸಮಾಧಿ, ಲೂಯಿಸ್ ಕ್ಯಾರಲ್‌ನ 'ಆಲಿಸ್ ಇನ್ ವಂಡರ್‌ಲ್ಯಾಂಡ್'ನ ಆಲಿಸ್. ಗಂಡನ ಪೂರ್ತಿ ಹೆಸರಿದೆ. ಕತೆಗಾರನ ಹೆಸರಿದೆ. ಅವಳದ್ದು ಅಂತ ಇರುವುದು 'ಆಲಿಸ್' ಒಂದೇ, ಅದೂ ಪುಸ್ತಕದ ಪಾತ್ರದ ಲೆಕ್ಕದಲ್ಲಿ.

ಅವಳು ಆಲಿಸ್ ಲಿಡೆಲ್. 1852ರಲ್ಲಿ ಹುಟ್ಟಿದವಳು. ಅಪ್ಪ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ಡೀನ್. ಅಲ್ಲೇ ಗಣಿತ ಪಾಠ ಮಾಡುತ್ತಿದ್ದ ಚಾರ್ಲ್ಸ್ ಡಾಜ್‌ಸನ್ 1862ರ ಜುಲೈ 4ರಂದು ಮೂವರು ಲಿಡೆಲ್ ಅಕ್ಕತಂಗಿಯರನ್ನು ಥೇಮ್ಸ್ ನದಿಯಲ್ಲಿ ದೋಣಿಯಲ್ಲಿ ಕರೆದುಕೊಂಡು ಹೋದ. ಬೇಜಾರಾಗದಿರಲಿ ಅಂತ ಕತೆ ಹೇಳುತ್ತಾ ಹೋದ. ಆಲಿಸಳಿಗೆ ಆಗ ಹತ್ತು ವರ್ಷ. ಬರೆದುಕೊಡಿ ಅಂತ ಹಿಡಿದಳು. ಕೈಯಲ್ಲೇ ಬರೆದು, ತಾನೇ ಚಿತ್ರ ಹಾಕಿ, 1864ರ ನವೆಂಬರಿನಲ್ಲಿ ಕೊಟ್ಟ. ಲೇಟನ್ ಇಲ್ಲಿ ದೀಪ ಆರಿದ ಹುಡುಗಿಯರ ಚಿತ್ರವನ್ನು ಮುಗಿಸಿದ ವರ್ಷವೇ. ಮಾರನೇ ವರ್ಷ ಲೂಯಿಸ್ ಕ್ಯಾರಲ್ ಅನ್ನುವ ಹೆಸರಿನಲ್ಲಿ ಅದು ಪುಸ್ತಕವಾಯಿತು. ಕನ್ನಡದ ಮಕ್ಕಳಿಗೆ ನಾ. ಕಸ್ತೂರಿಯವರ 'ಪಾತಾಳದಲ್ಲಿ ಪಾಪಚ್ಚಿ'ಯಾಗಿ ಬಂದದ್ದೂ ಇದೇ ಕತೆ.

1880ರಲ್ಲಿ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಅವಳ ಮದುವೆ. ಗಂಡ ರೆಜಿನಾಲ್ಡ್ ಹಾರ್ಗ್ರೀವ್ಸ್ ಲಿಂಡ್‌ಹರ್ಸ್ಟಿನ ಸ್ಥಿತಿವಂತ, ಹ್ಯಾಂಪ್‌ಶೈರ್ ತಂಡಕ್ಕೆ ಕ್ರಿಕೆಟ್ ಆಡಿದವನು. ಕಫ್‌ನೆಲ್ಸ್ ಎಂಬ ದೊಡ್ಡ ಬಂಗಲೆ. ಅದಕ್ಕೂ ಮುಂಚೆ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ರಾಣಿಯ ಮಗ ಲಿಯೋಪೋಲ್ಡನಿಗೂ ಇವಳಿಗೂ ಮನಸ್ಸಿತ್ತು ಅಂತ ಒಂದು ಗಾಳಿಮಾತು. ಇವಳು ಒಬ್ಬ ಮಗನಿಗೆ ಲಿಯೋಪೋಲ್ಡ್ ಅಂತ ಹೆಸರಿಟ್ಟಳು, ಅವನು ಮಗಳಿಗೆ ಆಲಿಸ್ ಅಂತ ಇಟ್ಟ. ಇಷ್ಟು ಸಾಕಲ್ವಾ ಊರವರಿಗೆ.

ಮೂವರು ಗಂಡುಮಕ್ಕಳು. ಮೊದಲ ಮಹಾಯುದ್ಧದಲ್ಲಿ ಅಲನ್ 1915ರಲ್ಲಿ ಸತ್ತ, ಲಿಯೋಪೋಲ್ಡ್ 1916ರಲ್ಲಿ. ಇಬ್ಬರೂ ಫ್ರಾನ್ಸಿನಲ್ಲಿ. ಉಳಿದವನು ಕ್ಯಾರಿಲ್ ಒಬ್ಬನೇ. 1926ರಲ್ಲಿ ಗಂಡ ಹೋದ. ದೊಡ್ಡ ಮನೆ, ತೆರಿಗೆ, ಖರ್ಚು. 1928ರಲ್ಲಿ ಆ ಕೈಬರಹದ ಪುಸ್ತಕವನ್ನು ಲಂಡನ್ನಿನ ಸೋದಬೀಸ್ ಹರಾಜಿಗೆ ಕೊಟ್ಟಳು. 15,400 ಪೌಂಡಿಗೆ ಹೋಯಿತು. ಕೊಂಡವನು ಅಮೆರಿಕದ ವ್ಯಾಪಾರಿ. 1948ರಲ್ಲಿ ಅಮೆರಿಕನ್ನರೇ ದುಡ್ಡು ಕೂಡಿಸಿ ಅದನ್ನು ಕೊಂಡು ಬ್ರಿಟನ್ನಿಗೆ ವಾಪಸ್ ಕೊಟ್ಟರು. ಹಿಟ್ಲರನ ಎದುರು ಗಟ್ಟಿಯಾಗಿ ನಿಂತದ್ದಕ್ಕೆ ಕೃತಜ್ಞತೆ ಅಂತ.

1932ರಲ್ಲಿ, ಕ್ಯಾರಲ್‌ನ ನೂರನೇ ವರ್ಷಕ್ಕೆ, ಎಂಬತ್ತರ ಆಲಿಸಳನ್ನು ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿ ಕರೆಸಿ ಗೌರವ ಡಾಕ್ಟರೇಟ್ ಕೊಟ್ಟಿತು. ಹತ್ತು ವರ್ಷದವಳಿದ್ದಾಗ ದೋಣಿಯಲ್ಲಿ ಕತೆ ಕೇಳಿದ್ದಕ್ಕೆ! ಆ ಸುಮಾರಿಗೆ ಮಗನಿಗೆ ಬರೆದ ಕಾಗದದಲ್ಲಿ, ವಂಡರ್‌ಲ್ಯಾಂಡಿನ ಆಲಿಸ್ ಆಗಿದ್ದು ಸುಸ್ತಾಗಿದೆ, ಹೀಗಂದರೆ ಕೃತಘ್ನಳು ಅನ್ನಿಸಬಹುದು, ಆದರೂ ಸುಸ್ತಾಗುತ್ತದೆ ಅಂತ ಬರೆದಳು. ಎರಡು ವರ್ಷದ ಮೇಲೆ, 1934ರಲ್ಲಿ ತೀರಿಕೊಂಡಳು. ಲಂಡನ್ನಿನ ಗೋಲ್ಡರ್ಸ್ ಗ್ರೀನಿನಲ್ಲಿ ಸುಟ್ಟು ಬೂದಿಯನ್ನು ಇಲ್ಲಿಗೆ ತಂದರು. ಕಫ್‌ನೆಲ್ಸ್ ಮನೆ ಈಗ ಇಲ್ಲ, ಎರಡನೇ ಮಹಾಯುದ್ಧ ಆದ ಮೇಲೆ ಕೆಡವಿದರು.

ಫಲಕ ಹಾಕಿದವರನ್ನು ಬೈಯುವಂತಿಲ್ಲ. ಅದು ಇಲ್ಲದಿದ್ದರೆ ನಮ್ಮಂಥವರು ಹುಡುಕಿಕೊಂಡು ಬರುತ್ತಿರಲಿಲ್ಲ. ಆದರೆ ಆ ಕಾಗದ ಗೊತ್ತಿದ್ದು ಫಲಕ ಓದಿದರೆ ಸ್ವಲ್ಪ ಕಸಿವಿಸಿ ಆಗುತ್ತದೆ. ಅಮ್ಮ ಮಾತ್ರ ಮಕ್ಕಳಲ್ಲೇ ನಿಂತಿದ್ದಳು. "ಎರಡು ವರ್ಷದಲ್ಲಿ ಇಬ್ಬರಾ" ಅಂದಳು.

ಆರು ಕಿಲೋಮೀಟರ್ ಆಚೆ ಬ್ರಾಕನ್‌ಹರ್ಸ್ಟ್ ಇದೆ. ಅದೇ ಬಸ್ಸು ಮುಂದೆ ಹೋಗುತ್ತದೆ. ಅಲ್ಲಿನ ಸೇಂಟ್ ನಿಕೊಲಸ್ ಚರ್ಚು ವಿಕ್ಟೋರಿಯನ್ ಅಲ್ಲ, ಅದಕ್ಕಿಂತ ಬಹಳ ಹಳೆಯದು, ನಾರ್ಮನ್ ಕಾಲದ ಬಾಗಿಲು ಇರುವಂಥದ್ದು. ಇಟ್ಟಿಗೆಯ ಗೋಪುರ ಮಾತ್ರ ಹದಿನೆಂಟನೇ ಶತಮಾನದ್ದು. ಅಂಗಳದಲ್ಲಿ ಸಾವಿರ ವರ್ಷ ಮೀರಿದ ಯೂ ಮರ. ಚರ್ಚಿಗೋಸ್ಕರ ಅಲ್ಲದೆ ಅಂಗಳಕ್ಕೋಸ್ಕರ ಹೋಗಬೇಕಾದ ಜಾಗ ಅದು.

ಮೊದಲು ಸಿಕ್ಕಿದ್ದು ಬ್ರಷರ್ ಮಿಲ್ಸ್ ಎಂಬವನ ಸಮಾಧಿ. ಈ ಕಾಡಿನ ಹಾವಾಡಿಗ. ಹಾವಾಡಿಗ ಅಂದ್ರೆ ಆಡಿಸುವವನಲ್ಲ, ಹಿಡಿಯುವವನು. ಕಾಡಿನಲ್ಲಿ ಗುಡಿಸಲು ಹಾಕಿಕೊಂಡು ಇದ್ದು, ಸಾವಿರಾರು ಹಾವು ಹಿಡಿದು ಲಂಡನ್ನಿನ ಝೂಗೂ ಕಳಿಸುತ್ತಿದ್ದವನು. 1905ರಲ್ಲಿ ತೀರಿಕೊಂಡ. ಕಲ್ಲಿನ ಮೇಲೆ ಅವನನ್ನೂ ಹಾವುಗಳನ್ನೂ ಕೆತ್ತಿದ್ದಾರೆ. ಅಮ್ಮನಿಗೆ ಇದು ಬಹಳ ಹಿಡಿಸಿತು. ಫೋಟೋ ತೆಗೆಸಿಕೊಂಡಳು.

ಇನ್ನೊಂದು ಕಡೆ ಸಾಲಾಗಿ ಯುದ್ಧದ ಸಮಾಧಿಗಳು, ತೊಂಬತ್ತಕ್ಕೂ ಹೆಚ್ಚು ನ್ಯೂಜಿಲೆಂಡಿನವರದು. ಸೌತಾಂಪ್ಟನ್ ಬಂದರಿಗೆ ಹತ್ತಿರ, ರೈಲು ನಿಲ್ದಾಣ ಇದೆ, ಹಾಗಾಗಿ ಮೊದಲ ಮಹಾಯುದ್ಧದಲ್ಲಿ ಈ ಊರೇ ಆಸ್ಪತ್ರೆಯಾಗಿತ್ತು. 1916ರಿಂದ ನ್ಯೂಜಿಲೆಂಡಿನವರು. ಅದಕ್ಕೆ ಮುಂಚೆ, 1914ರ ಕೊನೆಯಿಂದ 1915ರವರೆಗೆ, ನಮ್ಮವರು. ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಇಲ್ಲಿಗೆ ತರುತ್ತಿದ್ದರು. ಅವರಿಗಾಗಿ ಕಟ್ಟಿದ ಆಸ್ಪತ್ರೆಗೆ ಆಗಿನ ವೈಸರಾಯ್ ಹೆಂಡತಿಯ ಹೆಸರು, ಲೇಡಿ ಹಾರ್ಡಿಂಜ್.

ಆ ಕಾಲದ ಭಾರತೀಯ ಆಸ್ಪತ್ರೆಗಳಲ್ಲಿ ಜಾತಿಯ ವ್ಯವಸ್ಥೆಯನ್ನು ಸರ್ಕಾರವೇ ಅಚ್ಚುಕಟ್ಟಾಗಿ ಮಾಡಿತ್ತು. ಬ್ರೈಟನ್ನಿನ ಅರಮನೆಯನ್ನು ಆಸ್ಪತ್ರೆ ಮಾಡಿದಾಗ ಅಲ್ಲಿ 9 ಅಡುಗೆಮನೆ, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿ. ಕಕ್ಕಸು ತೊಳೆಯಲು, ಕಸ ಗುಡಿಸಲು ಭಾರತದಿಂದಲೇ ಜಾಡಮಾಲಿಗಳನ್ನು ಹಡಗಿನಲ್ಲಿ ತಂದರು. ಜಾತಿ ತಾನಾಗಿ ಹಿಂದೆ ಬಂತು ಅನ್ನುವುದು ಪೂರ್ತಿ ಸರಿಯಲ್ಲ. ಟಿಕೆಟ್ ಕೊಟ್ಟು ಕರೆತಂದರು.

ಹಾಗೆ ಬಂದವನು ಸುಖಾ. ಬರೇಲಿ ನಗರದ ಗಂಗಾಪುರ ಮೊಹಲ್ಲಾದವನು. 1915ರ ಜನವರಿ 12ರಂದು ಇಲ್ಲಿ ಸತ್ತ. ಮೂವತ್ತು ವರ್ಷ. ಆಗಿನವರು ಹೇಳಿಟ್ಟ ಕತೆ ಇದು. ಇಂಗ್ಲೆಂಡಿನಲ್ಲಿ ಸತ್ತ ಹಿಂದೂ, ಸಿಖ್ ಸಿಪಾಯಿಗಳನ್ನು ಬ್ರೈಟನ್ ಹತ್ತಿರದ ಪ್ಯಾಚಮ್ ಗುಡ್ಡದ ಮೇಲೆ ಸುಡುತ್ತಿದ್ದರು. ಇವನು ಅಸ್ಪೃಶ್ಯ ಅಂತ ಹಿಂದೂಗಳು ಬೇಡ ಅಂದರು. ಮುಸ್ಲಿಮರನ್ನು ವೋಕಿಂಗ್‌ನಲ್ಲಿ ಹೂಳುತ್ತಿದ್ದರು. ಇವನು ಮುಸ್ಲಿಮನಲ್ಲ ಅಂತ ಅಲ್ಲಿನ ಮೌಲ್ವಿ ಒಪ್ಪಲಿಲ್ಲ. ಕೊನೆಗೆ ಬ್ರಾಕನ್‌ಹರ್ಸ್ಟಿನ ಪಾದ್ರಿ, ನಮ್ಮ ಅಂಗಳದಲ್ಲೇ ಹೂಳೋಣ ಅಂದ. ಊರವರು ದುಡ್ಡು ಹಾಕಿ ಕಲ್ಲು ನಿಲ್ಲಿಸಿದರು.

ಕಲ್ಲಿನ ಮೇಲೆ ಬರೆದಿರುವುದು ಬಹಳ ಇದೆ. ಪಕ್ಕದ ಯುದ್ಧದ ಕಲ್ಲುಗಳಲ್ಲಿ ನಂಬರು, ಪಡೆ, ಹೆಸರು, ತಾರೀಖು ಇಷ್ಟೇ. ಇದರಲ್ಲಿ ಮೊಹಲ್ಲಾ ಸಮೇತ ವಿಳಾಸ ಇದೆ. ದೇಶ, ಮನೆ, ಗೆಳೆಯರನ್ನು ಬಿಟ್ಟು ಬಂದು, ಈ ಊರಿನಲ್ಲಿದ್ದ ಗಾಯಾಳು ಭಾರತೀಯ ಸಿಪಾಯಿಗಳ ಆಸ್ಪತ್ರೆಯಲ್ಲಿ ವಿನಮ್ರ ಸೇವಕನಾಗಿ ನಮ್ಮ ದೊರೆಗೂ ಸಾಮ್ರಾಜ್ಯಕ್ಕೂ ದುಡಿದ ಅಂತ ಇದೆ. ಧರ್ಮದಿಂದ ಕ್ರೈಸ್ತನಲ್ಲ, ಆದರೆ ಈ ಬಾಳನ್ನು ಬೇರೆಯವರ ಒಳಿತಿಗಾಗಿ ತೆತ್ತ ಅಂತ ಇದೆ. ಕೊನೆಗೆ, ಎಲ್ಲರಿಗೂ ಒಬ್ಬನೇ ದೇವರು, ಒಬ್ಬನೇ ತಂದೆ ಅನ್ನುವ ಬೈಬಲ್ಲಿನ ಮಾತು.

ಅಮ್ಮ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದಳು. ಆಮೇಲೆ ಒಂದು ವಚನದ ಸಾಲು ಶುರು ಮಾಡಿ, ಎರಡು ಪದಕ್ಕೇ ನಿಲ್ಲಿಸಿದಳು. ಯಾವ ವಚನ ಅಂತ ನಿಮಗೂ ಗೊತ್ತಿರುತ್ತದೆ. ಸ್ಕೂಲಿನಲ್ಲಿ ಅದನ್ನು ವರ್ಷಕ್ಕೊಂದು ಸಲ ಬೋರ್ಡಿನ ಮೇಲೆ ಬರೆಸುತ್ತಿದ್ದವಳು ಅವಳು.

"ವಿನಮ್ರ ಸೇವಕ ಅಂತ ಯಾಕೆ? ಕಕ್ಕಸು ತೊಳೀತಿದ್ದ ಅಂತ ಬರೀಬಹುದಿತ್ತಲ್ಲ" ಅಂದಳು.

"ಅವಮಾನ ಆಗುತ್ತೆ ಅಂತ ಇರಬೇಕಮ್ಮ."

"ಯಾರಿಗೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನು, ಎಷ್ಟಾದರೂ ಇವರು ಜಾಗ ಕೊಟ್ಟರಲ್ಲ ಅಂದೆ. ಕೊಟ್ಟರು, ಒಪ್ಪಿದಳು. ಆದರೆ ಅವನನ್ನು ಬರೇಲಿಯಿಂದ ಇಲ್ಲಿಗೆ ತಂದವರೂ ಇವರೇ ಅಂತ ಸೇರಿಸಿದಳು. ಎರಡೂ ನಿಜ. ಊರಿನ ಪಾದ್ರಿ ಮತ್ತು ಊರವರು ಮಾಡಿದ್ದು ಒಳ್ಳೆಯದು. ಅವರ ದೊರೆಯ ಸೈನ್ಯ ಮಾಡಿದ್ದು ಬೇರೆ. ನಮ್ಮವರು ಮಾಡಿದ್ದನ್ನಂತೂ ಹೇಳುವುದೇ ಬೇಡ. ಇಂಗ್ಲೆಂಡಿಗೆ ಬಂದು, ತಮ್ಮ ಗಾಯವನ್ನೇ ಇವನು ಗುಡಿಸಿದ ವಾರ್ಡಿನಲ್ಲಿ ವಾಸಿ ಮಾಡಿಕೊಂಡವರು, ಇವನ ಹೆಣಕ್ಕೆ ನಾಲ್ಕು ಕಟ್ಟಿಗೆ ಕೊಡಲಿಲ್ಲ.

ನನಗೆ ಅಲ್ಲಿ ಅನ್ನಿಸಿದ್ದು ಇಷ್ಟು. ಲಿಂಡ್‌ಹರ್ಸ್ಟಿನಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಒಬ್ಬಳು ಹೆಂಗಸಿನ ಸಮಾಧಿಯ ಫಲಕದಲ್ಲಿ ಅವಳು ಯಾರು ಅನ್ನುವುದಕ್ಕೆ ಇಬ್ಬರು ಗಂಡಸರ ಹೆಸರು ಬೇಕಾಯಿತು. ಇಲ್ಲಿ ಯಾರಿಗೂ ಬೇಡವಾದವನ ಕಲ್ಲಿನಲ್ಲಿ ಅವನ ಕೇರಿಯ ಹೆಸರೂ ಇದೆ, ಎಲ್ಲಿಂದ ಬಂದ, ಎಲ್ಲಿ ದುಡಿದ, ಏನು ನಂಬದೇ ಇದ್ದ ಅನ್ನುವುದೂ ಇದೆ. ಪಾದ್ರಿಗೆ ತನ್ನ ಊರವರಿಗೆ ವಿವರಿಸಬೇಕಿತ್ತು, ಅದಕ್ಕೆ ಅಷ್ಟು ಬರೆಸಿದ್ದು. ಪರಿಚಯ ಬೇಡದವರಿಗೆ ಯಾರೂ ಅಷ್ಟು ಅಕ್ಷರ ಕೆತ್ತಿಸುವುದಿಲ್ಲ.

ಸ್ಟೇಷನ್ನಿಗೆ ನಡೆದು ಹೋಗುವಾಗ ಫೋನಿನ ಮ್ಯಾಪಿನಲ್ಲಿ ಅಮ್ಮನಿಗೆ ಮೀರತ್ ರೋಡ್ ತೋರಿಸಿದೆ. ಬ್ರಾಕನ್‌ಹರ್ಸ್ಟಿನಲ್ಲಿ ನಿಜಕ್ಕೂ ಹಾಗೊಂದು ರಸ್ತೆ ಇದೆ, ಆಕ್ಲೆಂಡ್ ಅನ್ನುವ ಹೆಸರಿನದೂ ಇದೆ, ಆಸ್ಪತ್ರೆಗಳ ನೆನಪಿಗೆ. ಇಲ್ಲಿದ್ದ ಒಂದು ಭಾರತೀಯ ಆಸ್ಪತ್ರೆಗೆ ಮೀರತ್ ಹೆಸರಿತ್ತು, ಮೀರತ್ ಅಂದ್ರೆ ಸೈನ್ಯದ ಡಿವಿಷನ್. "ಬರೇಲಿ ರೋಡ್ ಇಲ್ವಾ?" ಅಂದಳು. ಮ್ಯಾಪನ್ನು ದೊಡ್ಡದು ಮಾಡಿ ಇಬ್ಬರೂ ಹುಡುಕಿದೆವು, ರೈಲು ಬರುವ ತನಕ. ಸಿಗಲಿಲ್ಲ.